ಹಾಲುತೊಂಡೆ

ಬೋರ್ಡಿನ ಮೇಲೆ ಐದು ಮನೆ ಗೀಚಿ, ಮೊನೆರಾ, ಪ್ರೊಟಿಸ್ಟಾ, ಶಿಲೀಂಧ್ರ, ಸಸ್ಯ, ಪ್ರಾಣಿ ಎಂದು ಒಂದೊಂದಕ್ಕೂ ಹೆಸರು ತುಂಬಿ ತಿರುಗಿದ ಷಮೀಮ್ ಪ್ರತಿ ವರ್ಷದ ಹಾಗೆ ಈ ವರ್ಷವೂ ಮೊದಲು ಗಡಿಯಾರ ನೋಡಿಕೊಂಡಳು. ಇಪ್ಪತ್ತೊಂಬತ್ತು ವರ್ಷದಿಂದ ಹೇಳುತ್ತಿರುವ ಪಾಠ. ಚಿಕ್ಕಬಳ್ಳಾಪುರದ ಈ ಪಿಯು ಕಾಲೇಜಿಗೆ ಬಂದ ಮೇಲೇ ಹನ್ನೊಂದು ಸಲ ಹೇಳಿದ್ದಳು. ಪುಸ್ತಕ ತೆರೆಯಬೇಕಾಗಿರಲಿಲ್ಲ. ಬ್ಯಾಕ್ಟೀರಿಯಾದ ದಿನ ಅವಳು ಸಲೀಸಾಗಿರುತ್ತಿದ್ದಳು. ಗುಂಡಗಿನವು, ಕಡ್ಡಿಯಂಥವು, ಸುರುಳಿಯಂಥವು ಎಂದು ಬರೆದು ತೋರಿಸಿ, ಹೆಪ್ಪು ಹಾಕಿದ ಹಾಲು ಮೊಸರಾಗುವುದನ್ನೂ ಮರೆತಿಟ್ಟ ಸಾರು ಹಳಸುವುದನ್ನೂ ಹೇಳಿ ಹುಡುಗಿಯರನ್ನು ನಗಿಸುತ್ತಿದ್ದಳು. ವೈರಸ್ ಬರುವ ದಿನ ಮಾತ್ರ ನಗಿಸುತ್ತಿರಲಿಲ್ಲ. ಬೇಗ ಬೇಗ ಹೇಳಿ, ನೋಟ್ಸ್ ಬರೆಸಿ, ಬೆಲ್ ಹೊಡೆಯುವ ಮೊದಲೇ ಡಸ್ಟರ್ ಕೈಗೆತ್ತಿಕೊಳ್ಳುತ್ತಿದ್ದಳು.

"ವೈರಸ್ಸನ್ನ ಈ ಐದು ಮನೇಲಿ ಯಾವ ಮನೆಗೂ ಸೇರಿಸಕ್ಕಾಗಿಲ್ಲ" ಎಂದಳು. "ಹೊರಗಿದ್ದಾಗ ಅದು ಉಸಿರಾಡಲ್ಲ, ತಿನ್ನಲ್ಲ, ಬೆಳೆಯಲ್ಲ. ಧೂಳಲ್ಲಿ ಧೂಳಾಗಿ ಬಿದ್ದಿರುತ್ತೆ. ಒಂದು ಜೀವಕೋಶದ ಒಳಗೆ ಹೋಯ್ತು ಅಂದ್ರೆ ಮಾತ್ರ ಜೀವ ಇರೋ ಥರ ಆಡುತ್ತೆ."

ಮೂರನೇ ಬೆಂಚಿನಿಂದ ಸೌಜನ್ಯ ಎಂಬ ಹುಡುಗಿ ಎದ್ದು ನಿಂತಳು. ಹಳ್ಳಿಯಿಂದ ಎರಡು ಬಸ್ಸು ಹತ್ತಿ ಬರುವವಳು, ಎಂದೂ ಮಾತಾಡದವಳು.

"ಮಿಸ್, ರೇಷ್ಮೆಹುಳಕ್ಕೆ ಹಾಲುತೊಂಡೆ ಬರುತ್ತಲ್ಲ, ಅದೂ ವೈರಸ್ಸಾ?"

"ಹೌದು. ಹುಳ ಊದಿಕೊಂಡು, ಚರ್ಮ ಒಡೆದು, ಹಾಲಿನಂಥ ನೀರು ಸುರಿಯುತ್ತೆ. ಅದು ವೈರಸ್ಸೇ."

"ನಮ್ಮಜ್ಜಿ ಮುಟ್ಟಾದೋರು ಹುಳುಮನೆ ಒಳಗೆ ಹೋದ್ರೆ ಅದು ಬರುತ್ತೆ ಅಂತಾರೆ ಮಿಸ್. ಹಾಗಾದ್ರೆ ಅಜ್ಜಿ ಹೇಳೋದು ಪೂರ್ತಿ ಸುಳ್ಳಾ?"

ಹಿಂದಿನ ಸಾಲಿನಲ್ಲಿ ಕಿಸಕ್ಕೆಂದು ಯಾರೋ ನಕ್ಕರು, ಆಮೇಲೆ ಇಡೀ ಕ್ಲಾಸು ನಕ್ಕಿತು. ಷಮೀಮ್ ಡಸ್ಟರ್ ಕೈಗೆತ್ತಿಕೊಂಡಳು. ಇಷ್ಟು ವರ್ಷದಲ್ಲಿ ಒಬ್ಬಳೂ ಕೇಳಿರಲಿಲ್ಲ. ಯಾರಾದರೂ ಕೇಳಲಿ ಎಂದು ಕಾದಿದ್ದಳೋ, ಕೇಳದೇ ಇರಲಿ ಎಂದು ಕಾದಿದ್ದಳೋ ಅವಳಿಗೇ ಗೊತ್ತಿರಲಿಲ್ಲ. "ಕೂತ್ಕೋ" ಎಂದಳು. "ಅಜ್ಜಿ ಕಥೆ ಕೇಳಕ್ಕೆ ಯಾರೂ ಇಲ್ಲಿಗೆ ಬಂದಿಲ್ಲ. ಹತ್ತನೇ ಕ್ಲಾಸು ಹೇಗೆ ಪಾಸು ಮಾಡಿದ್ರೋ ನೀವೆಲ್ಲ." ಅಂದ ಮೇಲೆ ತಾನು ಅಂದದ್ದು ಅವಳಿಗೇ ಕೇಳಿಸಿತು. ಸೌಜನ್ಯ ಕೂತಳು. ಪಕ್ಕದಲ್ಲಿದ್ದ ನೌರೀನ್ ಬೆಂಚಿನ ಕೆಳಗೆ ಅವಳ ಕೈ ಹಿಡಿದುಕೊಂಡದ್ದು ಷಮೀಮ್‌ಗೆ ಕಾಣಿಸಿತು. ಹಾಗೆ ಬೆಂಚಿನ ಕೆಳಗೆ ಕೈ ಹಿಡಿದುಕೊಂಡು ಕೂತವರು ತಾವೂ ಇದ್ದೆವಲ್ಲ, ತಾನು ಮತ್ತು ಅನಸೂಯ, ಶಿಡ್ಲಘಟ್ಟದ ಹೈಸ್ಕೂಲಿನ ಕೊನೇ ಬೆಂಚಿನಲ್ಲಿ. ಗೋಡೆಯ ಗಾರೆ ಉದುರಿ ಬೆನ್ನಿಗೆಲ್ಲ ಸುಣ್ಣವಾಗುತ್ತಿತ್ತು. ಅನಸೂಯ ಜಂಗಮಕೋಟೆಯಿಂದ ಬರುವವಳು, ಡಬ್ಬಿಯಲ್ಲಿ ರಾಗಿರೊಟ್ಟಿ, ಹುಚ್ಚೆಳ್ಳು ಪುಡಿ. ಶನಿವಾರ ಒಂದು ಬಿಟ್ಟು ಮಿಕ್ಕ ದಿನ ಷಮೀಮಳ ಡಬ್ಬಿಯ ಕೀಮಾಕ್ಕೆ ಕೇಳದೆಯೇ ಕೈ ಹಾಕುವಳು, ಆಮೇಲೆ ಹುಣಿಸೆ ಎಲೆ ಉಜ್ಜಿ ಕೈ ವಾಸನೆ ಕಳೆದುಕೊಳ್ಳುವಳು. ಚೆನ್ನರಾಯಪ್ಪ ಮೇಷ್ಟ್ರು ಒಂದು ದಿನ ಗೋಣಿಚೀಲ ತಂದು ಮೇಜಿನ ಮೇಲೆ ಸುರಿದರು. ಎಲೆ, ಕಾಯಿ, ಚಿಪ್ಪು, ಸತ್ತ ಮಿಡತೆ, ಜಿರಲೆ, ಜೇಡ. "ಗುಂಪು ಮಾಡ್ರಮ್ಮ. ಯಾರ ಪಕ್ಕ ಯಾರು ಕೂರಬೇಕು ಅಂತ ನೀವೇ ಹೇಳಿ" ಎಂದರು. ಎಲ್ಲರೂ ಬಣ್ಣ ನೋಡಿ, ದೊಡ್ಡದು ಚಿಕ್ಕದು ನೋಡಿ ಗುಂಪು ಮಾಡಿದರು, ಷಮೀಮ್ ಕೂಡ. ಅನಸೂಯ ಮಾತ್ರ ಎಲೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನರ ನೋಡಿ ಬೇರೆ ಮಾಡಿದಳು, ಹುಳುಗಳ ಕಾಲು ಎಣಿಸಿ ಜೇಡವನ್ನು ಎತ್ತಿ ಆಚೆಗಿಟ್ಟಳು. "ಇದಕ್ಕೆ ಎಂಟಿದೆ ಸಾರ್. ಇದು ಇವರ ಜನ ಅಲ್ಲ." ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು, "ಈ ಹುಡುಗಿ ಓದಬೇಕು ಕಣ್ರಮ್ಮ" ಎಂದರು. ಆಗ ಷಮೀಮ್‌ಗೆ ಹೊಟ್ಟೆಕಿಚ್ಚಾಗಿತ್ತು, ಮರುಕ್ಷಣ ತನ್ನನ್ನೇ ಹೊಗಳಿದಷ್ಟು ಹೆಮ್ಮೆಯೂ ಆಗಿತ್ತು. ಎರಡೂ ನಿಜ. ಬೆಲ್ ಹೊಡೆಯಿತು.

ಶನಿವಾರವಾದ್ದರಿಂದ ಹನ್ನೆರಡೂವರೆಗೆಲ್ಲ ಕಾಲೇಜು ಖಾಲಿಯಾಗತೊಡಗಿತು. ಷಮೀಮ್ ಗೇಟಿನ ಹತ್ತಿರ ನಿಂತು ಸೌಜನ್ಯಳನ್ನು ಕರೆದಳು. ಹುಡುಗಿ ಹೆದರಿಕೊಂಡೇ ಬಂದಳು.

"ಸಾರಿ ಮಿಸ್."

"ನೀನ್ಯಾಕಮ್ಮ ಸಾರಿ ಕೇಳ್ತೀಯ. ನಾನು ಹಾಗೆ ಅನ್ನಬಾರದಿತ್ತು. ನೀನು ಸರಿಯಾಗೇ ಕೇಳಿದೆ. ಮುಟ್ಟಿಗೂ ಹಾಲುತೊಂಡೆಗೂ ಏನೂ ಸಂಬಂಧ ಇಲ್ಲ. ಸೋಮವಾರ ಕ್ಲಾಸಲ್ಲಿ ಎಲ್ಲಾರ ಮುಂದೇನೂ ಹೇಳ್ತೀನಿ."

ಸೌಜನ್ಯಳ ಮುಖ ಅರಳಿತು. "ಅಜ್ಜಿ ತಿಂಗಳಿಗೆ ಐದು ದಿನ ನನ್ನ ಆ ಕಡೆ ತಲೆ ಹಾಕಕ್ಕೂ ಬಿಡಲ್ಲ ಮಿಸ್. ಅನಸೂಯಮ್ಮ ಬಂದಾಗೆಲ್ಲ ಅಜ್ಜಿ ಜೊತೆ ಜಗಳ ಆಡ್ತಾರೆ. ಅದು ವೈರಸ್ಸು ಕಣಕ್ಕ, ಮಗೂನ ಯಾಕೆ ಆಚೆ ಕೂರಿಸ್ತೀಯ ಅಂತ. ಅಜ್ಜಿ ಒಪ್ಪಲ್ಲ. ಅದಕ್ಕೇ ನಮ್ಮ ಮಿಸ್ಸೂ ಹಾಗೇ ಹೇಳಿದ್ರು ಅಂತ ಹೇಳಣ ಅಂತ..."

"ಯಾವ ಅನಸೂಯಮ್ಮ?"

"ಜಂಗಮಕೋಟೆಯೋರು ಮಿಸ್. ಚಾಕಿ ಸೆಂಟರ್ ಇಟ್ಟಿದ್ದಾರೆ. ಎರಡನೇ ಜ್ವರ ಬಂದು ಪೊರೆ ಬಿಡೋ ತನಕ ಮರಿಹುಳ ಸಾಕಿ ಸುತ್ತ ಹಳ್ಳಿಗೆಲ್ಲ ಕೊಡ್ತಾರೆ. ಅವರಮ್ಮ ಕೊಂಡಮ್ಮ ಅಂತ, ತುಂಬ ವಯಸ್ಸಾಗಿದೆ. ನಿಮಗೆ ಗೊತ್ತಾ ಮಿಸ್?"

"ಗೊತ್ತು" ಎಂದಳು ಷಮೀಮ್. ಆ ಒಂದು ಪದ ಹೇಳಲು ಅವಳಿಗೆ ಎಷ್ಟು ಹೊತ್ತಾಯಿತೆಂದರೆ ಹುಡುಗಿ ಅಷ್ಟರಲ್ಲಿ ಬಸ್ಸಿಗೆ ಓಡಿಹೋಗಿದ್ದಳು.

ಅನಸೂಯ ಗೌರಿಬಿದನೂರಿನ ಕಡೆ ಗಂಡನ ಮನೆಯಲ್ಲಿದ್ದಾಳೆ ಎಂದೇ ಷಮೀಮ್ ನಂಬಿದ್ದಳು. ನಂಬಿದ್ದಳು ಅನ್ನುವುದಕ್ಕಿಂತ ಹಾಗೆಂದುಕೊಂಡು ಬಿಟ್ಟುಬಿಟ್ಟಿದ್ದಳು. ದೂರದಲ್ಲಿರುವವರ ಮನೆಗೆ ಹೋಗದಿರುವುದು ಅಂಥ ತಪ್ಪಲ್ಲ. ಈಗ ನೋಡಿದರೆ ತನ್ನ ಮನೆಯಿಂದ ಅರ್ಧ ಗಂಟೆ ದಾರಿ. ಶಿಡ್ಲಘಟ್ಟದಲ್ಲಿ ಬಸ್ಸಿಳಿದವಳು ಮನೆಯ ಕಡೆ ತಿರುಗದೆ ನಿಂತೇ ಗಂಡ ವಾಸಿಫ್‌ಗೆ ಫೋನು ಮಾಡಿದಳು. ಜಂಗಮಕೋಟೆಗೆ ಹೋಗಿ ಬರುತ್ತೇನೆ ಎಂದಳು. ಅಲ್ಲಿ ಯಾರಿದ್ದಾರೆ ಎಂದು ಅವನು ಕೇಳಿದ. ಸ್ನೇಹಿತೆ ಎಂದಳು. ಯಾವ ಸ್ನೇಹಿತೆ ಎಂದು ಅವನು ಕೇಳಿದ್ದು ಸಹಜವಾಗಿತ್ತು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಆ ಹೆಸರನ್ನು ಅವನ ಕಿವಿಗೆ ಅವಳು ಹಾಕಿರಲಿಲ್ಲ. ಬಂದು ಹೇಳುತ್ತೇನೆ ಎಂದು ಬಸ್ಸು ಹತ್ತಿದಳು.

ಕಿಟಕಿಯ ಹತ್ತಿರ ಜಾಗ ಸಿಕ್ಕಿತು. ಊರು ದಾಟುತ್ತಲೇ ಗೂಡು ಬೇಯುವ ವಾಸನೆ ಒಂದು ಸಲ ಬಂದು ಹೋಯಿತು, ಅಬ್ಬಾನ ವಾಸನೆ. ಅಬ್ಬಾ ಖಲೀಮುಲ್ಲಾ ಹಳ್ಳಿ ಹಳ್ಳಿಯಿಂದ ಗೂಡು ತಂದು, ಮನೆಯ ಹಿಂದೆ ಚರಕದಲ್ಲಿ ನೂಲು ತೆಗೆಸುತ್ತಿದ್ದರು. ಅವಳ ಮನೆಗೆ ಬರುತ್ತಿದ್ದದ್ದು ಗೂಡು. ಬೆಳ್ಳಗೆ, ಹಳದಿಗೆ, ಮೂಟೆ ಮೂಟೆ. ಬಿಸಿನೀರಿಗೆ ಬಿದ್ದು ನೂಲೆಲ್ಲ ಕೊಟ್ಟ ಮೇಲೆ ಕಂದು ಹುಳು ತಳದಲ್ಲಿ ಉಳಿಯುತ್ತಿತ್ತು. ಜೀವಂತ ಹುಳುವನ್ನು, ಅದು ತಿನ್ನುವುದನ್ನು ಅವಳು ನೋಡಿಯೇ ಇರಲಿಲ್ಲ. ಎಸ್ಸೆಸ್ಸೆಲ್ಸಿ ವರ್ಷದ ದಸರಾ ರಜೆಯಲ್ಲಿ ಎರಡು ದಿನ ಅನಸೂಯಳ ಮನೆಗೆ ಹೋಗಬೇಕೆಂದು ಹಟ ಹಿಡಿದದ್ದು ಅದಕ್ಕೇ. ಅಮ್ಮೀ ಬೇಡವೆಂದರೂ ಅಬ್ಬಾ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಿಟ್ಟುಬಂದರು. ದಾರಿಯುದ್ದಕ್ಕೂ ಹಿಪ್ಪುನೇರಳೆ ತೋಟ, ಕಪಿಲೆ ಬಾವಿ, ತಲೆ ಮೇಲೆ ಸೊಪ್ಪಿನ ಹೊರೆ ಹೊತ್ತ ಹೆಂಗಸರು. ಅನಸೂಯಳ ಅಮ್ಮ ಕೊಂಡಮ್ಮ ಬಾಗಿಲಲ್ಲೇ ನಿಂತಿದ್ದಳು, ಮೂಗಿನಲ್ಲಿ ಎರಡು ಬೇಸರಿ, ತೆಲುಗು ಬೆರೆತ ಮಾತು. "ರಾ ತಲ್ಲಿ, ಒಳಗೆ ಬಾ" ಎಂದಳು. ಅವತ್ತು ಕೊಂಡಮ್ಮ ಮಗಳಿಗೆ ಯಾವ ಪಿಂಗಾಣಿ ತಟ್ಟೆಯಲ್ಲಿ ಮುದ್ದೆ ಹಾಕಿದಳೋ ಅಂಥದೇ ತಟ್ಟೆಯಲ್ಲಿ ಷಮೀಮ್‌ಗೂ ಹಾಕಿದಳು, ಊಟವಾದ ಮೇಲೆ ಎರಡನ್ನೂ ಒಟ್ಟಿಗೆ ತೊಳೆದು ಒಟ್ಟಿಗೆ ಮಗುಚಿ ಇಟ್ಟಳು. ಬೇರೆ ಸ್ನೇಹಿತೆಯರ ಮನೆಯಲ್ಲಿ ಅವಳ ಲೋಟ ಹಿತ್ತಿಲ ಕಟ್ಟೆಯ ಮೇಲೆ ಬೇರೆಯಾಗಿ ಉಳಿಯುತ್ತಿದ್ದದ್ದನ್ನು ನೋಡಿ ಗೊತ್ತಿದ್ದ ಷಮೀಮ್ ಆ ಎರಡು ತಟ್ಟೆಗಳನ್ನು ಬಹಳ ಹೊತ್ತು ನೋಡಿದ್ದಳು.

ಮರುದಿನ ಬೆಳಿಗ್ಗೆ ಎದ್ದರೆ ಮುಟ್ಟಾಗಿತ್ತು. ಅಳು ಬಂತು. ಅನಸೂಯ ಏನೂ ಕೇಳದೆ ಅಮ್ಮನ ಹಳೇ ಸೀರೆಯ ತುಂಡು ತಂದುಕೊಟ್ಟಳು, ಹಿತ್ತಿಲಲ್ಲಿ ಬಟ್ಟೆ ಒಗೆದು ಬೇಲಿಯ ಮೇಲೆ ಹರವಲು ಜಾಗ ತೋರಿಸಿದಳು. ಇನ್ನು ಹುಳುಮನೆಗೆ ಹೋಗುವಂತಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ತಿಂಡಿಯಾದ ಮೇಲೆ ಇಬ್ಬರ ಕಾಲೂ ಆ ಕಡೆಗೇ ಹೋದವು. ಕೊಂಡಮ್ಮ ಸೊಪ್ಪಿನ ಕುಕ್ಕೆ ಇಳಿಸುತ್ತ, ಎಲ್ಲರಿಗೂ ಕೇಳುವ ಹಾಗೆಯೇ ಕೇಳಿದಳು. "ಏನ್ರಮ್ಮಾ, ಇಬ್ಬರಲ್ಲಿ ಯಾರೂ ಹೊರಗಾಗಿಲ್ಲ ತಾನೆ?" ಷಮೀಮ್ ಹೇಳಿದಳು: "ಇಲ್ಲಮ್ಮ." ಅನಸೂಯ ಒಂದು ಗಳಿಗೆ ಅವಳ ಮುಖ ನೋಡಿ ಬಾಗಿಲು ತಳ್ಳಿದಳು.

ಒಳಗೆ ಮಬ್ಬು. ಕಿಟಕಿಗೆ ಒದ್ದೆ ಗೋಣಿ, ಬಿದಿರ ತಟ್ಟೆಗಳು ಅಂತಸ್ತಿನ ಮೇಲೆ ಅಂತಸ್ತು, ಇರುವೆ ಹತ್ತದ ಹಾಗೆ ಅಟ್ಟಣೆಯ ಕಾಲುಗಳ ಕೆಳಗೆ ನೀರಿನ ಬಟ್ಟಲು. ನಾಲ್ಕನೇ ಜ್ವರ ಎದ್ದ ಹುಳುಗಳು, ಬೆರಳುದ್ದ, ಸೊಪ್ಪಿನ ಮೇಲೆ ತಲೆ ಆಡಿಸುತ್ತಿದ್ದವು, ಮನೆ ತುಂಬ ಒಂದೇ ಸಮನೆ ಸರಸರ. "ಮಳೆ ಬಂದಂಗಿದೆ" ಎಂದಳು ಷಮೀಮ್. "ಎಲ್ಲಾರೂ ಹಾಗೇ ಅಂತಾರೆ" ಎಂದಳು ಅನಸೂಯ, "ನಂಗೆ ಮಾತ್ರ ಪರೀಕ್ಷೆ ಹಾಲಲ್ಲಿ ಎಲ್ಲಾರೂ ಒಟ್ಟಿಗೆ ಬರೀತಿರ್ತಾರಲ್ಲ, ಆ ಸದ್ದು ಅನ್ಸುತ್ತೆ ಕಣೇ." ಒಂದು ಹುಳುವನ್ನು ಎತ್ತಿ ಷಮೀಮಳ ಅಂಗೈ ಮೇಲೆ ಬಿಟ್ಟಳು. ತಣ್ಣಗಿತ್ತು, ಮೆತ್ತಗಿತ್ತು, ಅದರ ಪುಟ್ಟ ಕಾಲುಗಳು ಚರ್ಮವನ್ನು ಹಿಡಿದು ಹಿಡಿದು ಬಿಟ್ಟವು. ಆ ಸ್ಪರ್ಶ ಈಗಲೂ, ಈ ಬಸ್ಸಿನಲ್ಲಿ, ಪರ್ಸಿನ ಪಟ್ಟಿ ಹಿಡಿದ ಅಂಗೈಯಲ್ಲಿ ಇತ್ತು. ಬದುಕಿನಲ್ಲಿ ಅದಕ್ಕಿಂತ ಸಂತೋಷದ ಬೆಳಗ್ಗೆ ಇತ್ತೇ ಎಂದು ಕೇಳಿದರೆ ಇಲ್ಲವೆನ್ನಬೇಕು. ಮದುವೆಯ ದಿನವೂ ಅಲ್ಲ, ಕೆಲಸದ ಆರ್ಡರ್ ಬಂದ ದಿನವೂ ಅಲ್ಲ.

ರಜೆ ಮುಗಿದು ಸ್ಕೂಲು ಶುರುವಾದಾಗ ಅನಸೂಯ ಬರಲಿಲ್ಲ. ಹನ್ನೆರಡನೇ ದಿನ ಬಂದಳು, ಯೂನಿಫಾರಂ ಇಲ್ಲದೆ ಲಂಗದಾವಣಿಯಲ್ಲಿ, ಲೈಬ್ರರಿ ಪುಸ್ತಕ ವಾಪಸು ಕೊಡಲು. ಹುಣಿಸೆ ಮರದ ಕೆಳಗೆ ನಿಂತು ಬೇರೆ ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದಳು. "ನೀನು ಹೋದ ನಾಲ್ಕನೇ ದಿನಕ್ಕೆ ಎಲ್ಲಾ ಹಾಲುತೊಂಡೆ ಆಗೋಯ್ತು ಕಣೇ. ಹುಳ ತಟ್ಟೆ ಅಂಚಿಗೆ ಹತ್ತಿ ಹತ್ತಿ ಬೀಳೋವು. ಮುಟ್ಟಿದ್ರೆ ಒಡೆಯೋವು. ಹಣ್ಣಾಗಿ ಗೂಡು ಕಟ್ಟಕ್ಕೆ ಎರಡೇ ದಿನ ಇತ್ತು. ಎಲ್ಲಾ ಗುಂಡಿ ತೋಡಿ ಮುಚ್ಚಿದ್ವಿ. ಹೊರಗಾಗಿದ್ದು ಯಾರು, ಯಾರು ಅಂತ ಅಮ್ಮ ಕೇಳಿದ್ಲು. ನಾನೇ ಅಂದೆ. ಇನ್ನು ಸ್ಕೂಲು ಸಾಕು ಅಂದ್ಲು."

"ಯಾಕೆ ಹಾಗಂದೆ?"

"ನಿನ್ನ ಹೆಸರು ಹೇಳಿದ್ರೆ ನಿನ್ನನ್ನ ಮತ್ತೆ ಮನೆಗೆ ಸೇರಿಸ್ತಾಳಾ? ಹೋಗ್ಲಿ ಬಿಡು. ಕೋಪ ಇಳಿದ ಮೇಲೆ ಸ್ಕೂಲಿಗೆ ಬರ್ತೀನಿ. ನೀನು ಯಾರ ಹತ್ರಾನೂ ಹೇಳ್ಬೇಡ."

ಷಮೀಮ್ ಯಾರ ಹತ್ತಿರವೂ ಹೇಳಲಿಲ್ಲ. ಅದು ಅವಳಿಗೆ ಬಹಳ ಸುಲಭವಾಯಿತು. ಚೆನ್ನರಾಯಪ್ಪ ಮೇಷ್ಟ್ರು ಹಾಜರಿಯಲ್ಲಿ ಅನಸೂಯ ಎಂದು ಕೂಗಿ, ಒಂದು ಕ್ಷಣ ತಡೆದು, ಗೈರು ಎಂದು ಬರೆದುಕೊಳ್ಳುವರು. "ನೀನು ಅವರ ಮನೆಗೆ ಹೋಗಿದ್ದೆಯಲ್ಲಮ್ಮ, ಯಾಕಂತೆ ಬರ್ತಿಲ್ಲ?" ಎಂದು ಕೇಳಿದಾಗ "ಗೊತ್ತಿಲ್ಲ ಸಾರ್" ಎಂದಳು. ಜನವರಿಯಲ್ಲಿ ಆ ಹೆಸರಿನ ಮೇಲೆ ಕೆಂಪು ಗೀಟು ಬಿತ್ತು. ಪರೀಕ್ಷೆಯ ಹಾಲಿನಲ್ಲಿ ಅವಳು ಒಂದು ಸಲ ಪೆನ್ನು ನಿಲ್ಲಿಸಿ ಸದ್ದು ಕೇಳಿಸಿಕೊಂಡಳು, ಆಮೇಲೆ ಮತ್ತೆ ಬರೆದಳು. ಬೇಸಿಗೆಯಲ್ಲಿ ಅನಸೂಯಳ ಮದುವೆಯಾಯಿತಂತೆ, ಗಂಡ ಗೌರಿಬಿದನೂರಿನ ಕಡೆಯವನಂತೆ, ಎಂದು ಯಾರೋ ಹೇಳಿದರು.

ಚಿಂತಾಮಣಿಯಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದಾಗ ಒಂದು ಪ್ರಾಕ್ಟಿಕಲ್ ಇತ್ತು. ರೋಗದ ಹುಳುವಿನ ರಕ್ತ ಒಂದು ತೊಟ್ಟು ಗಾಜಿನ ಮೇಲೆ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಆರು ಮೂಲೆಯ ಹರಳುಗಳು, ಸಕ್ಕರೆ ಚೆಲ್ಲಿದ ಹಾಗೆ. ನಿಮಗೆ ಕಾಣ್ತಿರೋದು ವೈರಸ್ ಅಲ್ಲ, ಅದು ಒಳಗೆ ಕೂತಿರೋ ಪೆಟ್ಟಿಗೆ, ಹಿಂದಿನ ಬೆಳೆಯ ಧೂಳಲ್ಲಿ ವರ್ಷಗಟ್ಟಲೆ ಹಾಗೇ ಇರುತ್ತೆ, ಹುಳ ಅದನ್ನ ಸೊಪ್ಪಿನ ಜೊತೆ ತಿಂದ ಐದಾರು ದಿನಕ್ಕೆ ಸಾಯುತ್ತೆ, ಎಂದು ಲೆಕ್ಚರರ್ ಹೇಳುತ್ತಿದ್ದರು. ಷಮೀಮ್ ಕಣ್ಣೆತ್ತದೆ ದಿನ ಎಣಿಸಿದಳು. ನಾಲ್ಕನೇ ದಿನ. ಹಾಗಾದರೆ ತಾನು ಬಾಗಿಲು ದಾಟುವ ಮೊದಲೇ ಅದು ಅಲ್ಲಿತ್ತು. ತಾನಲ್ಲ. ಅನಸೂಯಳಂತೂ ಅಲ್ಲವೇ ಅಲ್ಲ. ಮುಂದಿನ ಭಾನುವಾರ ರೆಕಾರ್ಡ್ ಪುಸ್ತಕ ಚೀಲದಲ್ಲಿಟ್ಟುಕೊಂಡು ಕೊಂಡಮ್ಮನಿಗೆ ತೋರಿಸಲೆಂದು ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನ ತನಕ ಬಂದಳು. ಆದರೆ ಆ ಹರಳಿನ ಚಿತ್ರ ತೋರಿಸುವ ಮೊದಲು ಇನ್ನೊಂದು ಮಾತು ಹೇಳಬೇಕಲ್ಲ. ಅಮ್ಮಾ, ಅವತ್ತು ನಾನು ಸುಳ್ಳು ಹೇಳಿದೆ. ಜಂಗಮಕೋಟೆಯ ಬಸ್ಸು ಬಂತು, ನಿಂತಿತು, ಹೋಯಿತು. ಅವಳು ಕಬ್ಬಿನ ಹಾಲು ಕುಡಿದು ಮನೆಗೆ ಬಂದಳು. ಆಮೇಲೆ ಕೊಂಡಮ್ಮನಿಗೆ ಹೇಳಬೇಕಾದ್ದರಲ್ಲಿ ಅರ್ಧವನ್ನು ಮಾತ್ರ, ಹೇಳಲು ಸುಲಭವಾದ ಅರ್ಧವನ್ನು, ವರ್ಷಕ್ಕೆ ಎಂಬತ್ತು ಹುಡುಗಿಯರಿಗೆ ಹೇಳುತ್ತ ಬಂದಳು.

"ಜಂಗಮಕೋಟೆ ಇಳಿಯೋರು" ಎಂದು ಕಂಡಕ್ಟರ್ ಕೂಗಿದ.

ಚಾಕಿ ಸೆಂಟರ್ ಊರಂಚಿನಲ್ಲಿ ಶೀಟಿನ ಕಟ್ಟಡ. ಹೊಸ್ತಿಲಲ್ಲಿ ಬ್ಲೀಚಿಂಗ್ ಪೌಡರ್ ನೀರಿನ ತೊಟ್ಟಿ. ಅದರಲ್ಲಿ ಕಾಲದ್ದಿ ಒಳಗೆ ಹೋಗಬೇಕು. ಬಾಗಿಲಲ್ಲಿ ನಿಂತ ಷಮೀಮಳನ್ನು ಒಳಗಿನಿಂದ ಕನ್ನಡಕದ ಹೆಂಗಸೊಬ್ಬಳು ತಲೆಯೆತ್ತಿ ನೋಡಿದಳು. ಕೂದಲು ಪೂರ್ತಿ ಬಿಳಿ. ಕೈಯಲ್ಲಿದ್ದ ಸೊಪ್ಪಿನ ತಟ್ಟೆ ಕೆಳಗಿಟ್ಟಳು.

"ಷಮ್ಮಿ" ಎಂದಳು.

ಇಬ್ಬರೂ ಕೈ ಹಿಡಿದುಕೊಂಡರು. ಅನಸೂಯ ಅವಳನ್ನು ಒಳಗೆ ಕರೆದೊಯ್ದು ಮರಿಹುಳು ತೋರಿಸಿದಳು, ಸಣ್ಣಗೆ ಹೆಚ್ಚಿದ ಸೊಪ್ಪಿನ ಮೇಲೆ ಕಪ್ಪು ದಾರದ ಚೂರುಗಳ ಹಾಗೆ. ಗಂಡ ತೀರಿಕೊಂಡ ಮೇಲೆ ಹದಿನಾಲ್ಕು ವರ್ಷದ ಹಿಂದೆ ವಾಪಸು ಬಂದಳಂತೆ. ಟ್ರೇನಿಂಗಿಗೆ ಹೋಗಿದ್ದಳಂತೆ. ಮೂಲೆಯ ಮೇಜಿನ ಮೇಲೆ ಪ್ಲಾಸ್ಟಿಕ್ ಕವರು ಮುಚ್ಚಿದ ಸೂಕ್ಷ್ಮದರ್ಶಕವಿತ್ತು.

"ಟ್ರೇನಿಂಗಲ್ಲಿ ಹಾಲುತೊಂಡೆ ತೋರಿಸಿದ್ರು" ಎಂದಳು ಅನಸೂಯ. "ನಾನು ಎಲ್ಲಾರ ಮುಂದೆ ಅತ್ತುಬಿಟ್ಟೆ. ಆ ಮೇಡಂ, ಕಣ್ಣಿಗೆ ಬೆಳಕು ಚುಚ್ಚುತ್ತಾ ಅಂತ ಕೇಳಿದ್ರು."

"ನನಗೆ ಬಿ.ಎಸ್ಸಿ.ಲೇ ಗೊತ್ತಾಗಿತ್ತು ಅನಸೂಯ. ಬಂದು ಹೇಳ್ಲಿಲ್ಲ. ಬಸ್ ಸ್ಟ್ಯಾಂಡ್ ತನಕ ಬಂದು ವಾಪಸು ಹೋದೆ."

"ಗೊತ್ತಾಗಿರುತ್ತೆ ಅಂದ್ಕೊಂಡಿದ್ದೆ. ನೀನು ಮೇಡಂ ಆಗಿದ್ದೀಯ ಅಂತ ಯಾರೋ ಹೇಳಿದ್ರು. ಈ ಪಾಠಾನೂ ಮಾಡ್ತಾಳಲ್ಲ ಅಂತ ಖುಷಿಯಾಯ್ತು."

"ಕೋಪ ಬರ್ಲಿಲ್ವಾ?"

"ಯಾಕೆ ಕೋಪ? ನಾನೇ ಅಂತ ಹೇಳು ಅಂತ ನೀನು ಹೇಳಿದ್ದೆಯಾ? ನಾನಾಗೇ ಹೇಳಿದ್ದು." ಅನಸೂಯ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. "ಮದುವೆ, ಮನೆ, ವಾಪಸು ಬಂದಿದ್ದು, ಎಲ್ಲಾ ಬೇರೆಯೋರು ಮಾಡಿಸಿದ್ದು ಕಣೇ. ಯಾರನ್ನೂ ಕೇಳದೆ ನಾನಾಗೇ ಮಾಡಿದ್ದು ಅಂದ್ರೆ ಅದೊಂದೇ. ಕಷ್ಟ ಆದಾಗೆಲ್ಲ ಅದನ್ನ ನೆನೆಸ್ಕೊಳ್ತಿದ್ದೆ. ನಗಬೇಡ."

ಷಮೀಮ್ ನಗಲಿಲ್ಲ. ಆ ಮಾತು ಅಲ್ಲಿಗೇ ನಿಲ್ಲಬಹುದಿತ್ತು. ಕಾಫಿ ಕುಡಿದು, ಮೇಷ್ಟ್ರ ಸುದ್ದಿ, ಡಬ್ಬಿಯ ಕೀಮಾದ ಸುದ್ದಿ ಮಾತಾಡಿ ಎದ್ದು ಹೋಗಬಹುದಿತ್ತು. ಆದರೆ ಅವಳ ಎದೆಯಲ್ಲಿ ಕೂತದ್ದಕ್ಕೆ ಅಷ್ಟು ಸಾಕಾಗಲಿಲ್ಲ. ಸುಳ್ಳು ಹೇಳಿದ್ದು ಅನಸೂಯಳಿಗಲ್ಲವಲ್ಲ.

"ಅಮ್ಮನ ಹತ್ರ ಹೇಳ್ಬೇಕು" ಎಂದಳು.

"ಬೇಡ ಬಿಡೇ. ತೊಂಬತ್ತಾಯ್ತು ಅವಳಿಗೆ. ಈಗ್ಯಾಕೆ?"

"ನಂಗೆ ಹೇಳ್ಬೇಕು ಅನಸೂಯ."

ಅನಸೂಯ ಅವಳ ಮುಖ ನೋಡಿ, ಸರಿ, ಬಾ, ಎಂದಳು.

ಮನೆ ಕಟ್ಟಡದ ಹಿಂದೆಯೇ. ಕೊಂಡಮ್ಮ ಜಗಲಿಯ ಮೇಲೆ ಗೋಡೆಗೊರಗಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಸಣ್ಣಗೆ, ಒಣಗಿದ ಕಾಯಿಯ ಹಾಗೇ ಆಗಿದ್ದಳು, ಮೂಗಿನ ಬೇಸರಿ ಮಾತ್ರ ಹಾಗೇ ಇದ್ದವು. ಅನಸೂಯ ಕಾಫಿಗೆಂದು ಒಳಗೆ ಹೋದಳು. ಷಮೀಮ್ ಕೆಳಗೆ ಕೂತು ಹೆಸರು ಹೇಳಿದಳು, ಖಲೀಮುಲ್ಲಾ ಮಗಳು ಎಂದಳು. ಮುದುಕಿ ಅವಳ ಕೆನ್ನೆ ಮುಟ್ಟಿ ನೋಡಿ, "ಓ, ಚರಕದ ಸಾಬರ ಮಗಳಾ. ಎಷ್ಟು ದಿನಕ್ಕೆ ಬಂದೆ ತಲ್ಲಿ" ಎಂದಳು.

"ಅಮ್ಮಾ, ಒಂದು ಮಾತು ಹೇಳಕ್ಕೆ ಬಂದೆ. ಆ ವರ್ಷ ದಸರಾದಲ್ಲಿ ನಿಮ್ಮ ಹುಳ ಹೋಯ್ತಲ್ಲ. ಅವತ್ತು ಹೊರಗಾಗಿದ್ದೋಳು ನಾನು. ಅನಸೂಯ ಅಲ್ಲ. ನೀವು ಕೇಳಿದಾಗ ಇಲ್ಲ ಅಂದೆ. ಹುಳ ಹೋಗಿದ್ದು ಅದರಿಂದ ಅಲ್ಲಮ್ಮ, ಅದು ರೋಗ. ಆದ್ರೆ ನಾನು ಹೇಳಿದ್ದು ಸುಳ್ಳು."

ಕೊಂಡಮ್ಮನ ಬೆರಳು ನಿಲ್ಲಲಿಲ್ಲ. ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ.

"ಗೊತ್ತಿತ್ತು ಕಣಮ್ಮ" ಎಂದಳು.

"ಏನು ಗೊತ್ತಿತ್ತು?"

"ನೀನೇ ಅಂತ. ಬೇಲಿ ಮೇಲೆ ಬಟ್ಟೆ ಒಣಗ್ತಿರೋದು ನಾನು ನೋಡ್ಲಿಲ್ವಾ? ಇವಳದು ಹತ್ತು ದಿನದ ಹಿಂದೇನೇ ಆಗಿತ್ತು. ಹೆತ್ತೋಳಿಗೆ ಅಷ್ಟೂ ಗೊತ್ತಾಗಲ್ವಾ?" ಒಂದು ಕಾಳು ಉರುಳಿ ಹೋಯಿತು, ತಡವಿ ಹುಡುಕಿ ಮೊರಕ್ಕೆ ಹಾಕಿದಳು. "ಊರಲ್ಲಿ ಹನ್ನೊಂದು ಮನೆ ಹುಳ ಹೋಯ್ತು ಆ ಸಲ. ಸಾಬರ ಹುಡುಗಿ ಬಂದು ಹೋದ್ಲು ಅಂತ ನನ್ನ ಬಾಯಿಂದ ಒಂದು ಮಾತು ಬಿದ್ದಿದ್ರೆ ನಿಮ್ಮಪ್ಪ ಮತ್ತೆ ಈ ಊರಿಗೆ ಗೂಡಿಗೆ ಬರಕ್ಕಾಗ್ತಿತ್ತಾ? ಸುಮ್ನಿದ್ದೆ. ಇವಳು ನಾನೇ ಅಂದ್ಲು. ಅಂದ್ಲಲ್ಲ, ಸರಿ ಬಿಡು ಅಂದ್ಕೊಂಡೆ. ನಂಗೂ ಮನೇಲಿ ಒಂದು ಕೈ ಬೇಕಾಗಿತ್ತು. ಸುಮ್ನೆ ಸ್ಕೂಲು ಬಿಡಿಸಿದ್ರೆ ಆ ಮೇಷ್ಟ್ರು ಮನೆ ಬಾಗಿಲಿಗೆ ಬಂದು ಕೂರೋರು. ಇದೊಂದು ನೆಪ ಆಯ್ತು."

ಷಮೀಮ್ ತಲೆಯೆತ್ತಿದಳು. ಅನಸೂಯ ಬಾಗಿಲಲ್ಲಿ ನಿಂತಿದ್ದಳು, ಎರಡು ಕೈಯಲ್ಲೂ ಕಾಫಿ ಲೋಟ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಬಂದು ಲೋಟಗಳನ್ನು ಜಗಲಿಯ ಮೇಲೆ ಮೆಲ್ಲಗೆ ಇಟ್ಟಳು.

"ಬಟ್ಟೆ ನೋಡಿದ್ದೆಯಾ ಅಮ್ಮಾ?" ಎಂದು ಕೇಳಿದಳು.

"ನೋಡಿದ್ದೆ."

"ನಾನು ಅಂದಾಗ್ಲೇ ಸುಳ್ಳು ಅಂತ ಗೊತ್ತಿತ್ತಾ?"

"ಗೊತ್ತಿತ್ತು ಅಂದ್ನಲ್ಲ. ಕಾಫಿ ಆರೋಗುತ್ತೆ, ಕೊಡು ಮಗೀಗೆ."

ಷಮೀಮ್ ಕಾಫಿ ಕುಡಿದಳು. ಅದು ಬಿಸಿಯಾಗಿತ್ತೋ ತಣ್ಣಗಿತ್ತೋ, ಸಕ್ಕರೆ ಇತ್ತೋ ಬೆಲ್ಲವೋ, ಆಮೇಲೆ ಎಷ್ಟು ಯೋಚಿಸಿದರೂ ಅವಳಿಗೆ ನೆನಪಾಗಲಿಲ್ಲ. ಎದೆಯ ಮೇಲಿದ್ದದ್ದು ಇಳಿದಿತ್ತು, ನಿಜವಾಗಿಯೂ ಇಳಿದಿತ್ತು, ಉಸಿರು ಸಲೀಸಾಗಿ ಬರುತ್ತಿತ್ತು. ಆ ಸಲೀಸಿಗೇ ಅವಳಿಗೆ ನಾಚಿಕೆಯಾಯಿತು. ಹೊರಡುವಾಗ ಮುದುಕಿ ಅವಳ ತಲೆ ಸವರಿ, ಚೆನ್ನಾಗಿರು ತಲ್ಲಿ ಎಂದಳು.

ಬಸ್ ಸ್ಟಾಪಿನ ತನಕ ಅನಸೂಯ ಜೊತೆಗೆ ಬಂದಳು. ಹಾಲಿನ ಡೈರಿಯ ಮುಂದೆ ಕ್ಯಾನುಗಳ ಸಾಲು. ಎದುರಿಗೆ ಬಂದವರೆಲ್ಲ ಅನಸೂಯಮ್ಮ ಎಂದು ಮಾತಾಡಿಸುತ್ತಿದ್ದರು, ಒಬ್ಬ ಗಾಡಿ ನಿಲ್ಲಿಸಿ ಸೋಮವಾರ ಮರಿಹುಳು ಸಿಗುತ್ತದೆಯೇ ಎಂದು ಕೇಳಿದ. ಅವಳು ಬುಧವಾರ ಬಾಪ್ಪ ಎಂದಳು.

"ನಾನು ಹೇಳಬಾರದಿತ್ತು" ಎಂದಳು ಷಮೀಮ್.

"ಹೇಳಿದ್ದು ಒಳ್ಳೇದೇ. ನಿನ್ನ ಮನಸ್ಸಲ್ಲಿ ಇತ್ತಲ್ಲ, ಇಳೀತು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಷಮೀಮ್‌ಗೆ ಎಷ್ಟೋ ವಾಸಿಯಾಗುತ್ತಿತ್ತು. "ನನ್ನ ಓದನ್ನ ನಿನಗೋಸ್ಕರ ನಾನಾಗೇ ಕೊಟ್ಟೆ ಅಂದ್ಕೊಂಡಿದ್ದೆ ಕಣೇ. ಮೂವತ್ತೊಂಬತ್ತು ವರ್ಷ. ಅಮ್ಮ ಅಷ್ಟರಲ್ಲೇ ಅದನ್ನ ತಗೊಂಡಾಗಿತ್ತು."

ತಿರುವಿನಲ್ಲಿ ಬಸ್ಸು ಕಾಣಿಸಿತು.

"ಸ್ವಲ್ಪ ದಿನ ಬರಬೇಡ ಷಮ್ಮಿ" ಎಂದಳು ಅನಸೂಯ.

"ಆಮೇಲೆ?"

"ಆಮೇಲೆ ಬಾ. ಬರದೇ ಇರಬೇಡ."

ಷಮೀಮ್ ಹತ್ತಿ, ಅನಸೂಯ ನಿಂತ ಕಡೆಯ ಕಿಟಕಿಗೇ ಜಾಗ ಹುಡುಕಿ ಕೂತಳು. ಸಂಜೆಯ ಸೊಪ್ಪು ಹಾಕುವ ಹೊತ್ತಾಗಿತ್ತು, ಅನಸೂಯ ಬೇಗ ಬೇಗ ವಾಪಸು ನಡೆಯುತ್ತಾಳೆ ಎಂದುಕೊಂಡಳು. ಬಸ್ಸು ಹೊರಟಿತು. ಅನಸೂಯ ಸೀರೆಯ ನೆರಿಗೆ ಸರಿಮಾಡಿಕೊಂಡು, ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ, ಎಲ್ಲಿಗೂ ಹೋಗಬೇಕಾಗಿಲ್ಲದವಳ ಹಾಗೆ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಳು.